ಡೊಳ್ಳಿನ ಎಡಮುಖ

ಹದಿನಾರನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ, ಪಕ್ಕದ ಮನೆಯ ಮಗ್ಗ ಮತ್ತೆ ಸದ್ದು ಮಾಡತೊಡಗಿತು. ಒಂದೇ ಗೋಡೆಯ ಎರಡು ಮನೆಗಳು. ಸಾವಿನ ಮನೆಯ ಮರ್ಯಾದೆಗೆಂದು ಅವರು ಇಷ್ಟು ದಿನ ಲಾಳಿ ಮುಟ್ಟಿರಲಿಲ್ಲ. ಮೇನಕಾ ಬಾಗಿಲಿಗೆ ನೀರು ಹಾಕಲು ಚಿಲಕ ತೆಗೆದಳು. ತಿಣ್ಣೆಯ ಮೇಲೆ ಕರಿ ಕಂಬಳಿ ಹೊದ್ದ ಮುದುಕಿಯೊಬ್ಬಳು ಕೂತಿದ್ದಳು. ಅವಳಿಂದ ಕುರಿಯ ವಾಸನೆ ಬರುತ್ತಿತ್ತು.

ಮುನಿವೆಂಕಟಮ್ಮ. ಮೇನಕಾಳ ಸತ್ತ ಗಂಡ ಮುನಿರಾಜುವಿನ ಅಜ್ಜಿಯ ತಂಗಿ. ಕಂಬೈನಲ್ಲೂರಿನ ಆಚೆ ಕುರಿ ಸಾಕುವವರ ಹಟ್ಟಿಯಲ್ಲಿ ಇರುವವಳು. ಸೇಲಂನ ನೇಯ್ಗೆಯವರ ಮಗಳಾದ ಮೇನಕಾ, ಮದುವೆಯಾದ ಎರಡು ವರ್ಷದಲ್ಲಿ ಆ ಹಟ್ಟಿಗೆ ಹೋಗಿದ್ದು ಒಂದೇ ಸಲ.

"ಒಳಗೆ ಬನ್ನಿ ಅಜ್ಜಿ."

"ಬರಕ್ಕಿಲ್ಲ ನನ್ ಕಣ್ಣು. ಡೊಳ್ಳು ಕಾಯೋಳು ಸಾವಿನ ಮನೆ ಒಸ್ಲು ದಾಟಂಗಿಲ್ಲ. ಕಾರ್ಯ ಮುಗೀಲಿ ಅಂತ ಕಾದಿದ್ದೆ." ಮುದುಕಿ ಮನೆಯೊಳಗಿನ ಕತ್ತಲೆಯನ್ನು ಇಣುಕಿ ನೋಡಿದಳು. "ನಮ್ ಡೊಳ್ಳು ಎಲ್ಲೈತೆ?"

ಮುನಿರಾಜು ಡ್ರಮ್ಮರ್. ಅವನ ತಂಡದ ಹೆಸರು ವೆಳ್ಳೈಕ್ಕಲ್, ಅಂದರೆ ಬಿಳಿಗಲ್ಲು. ನುಡಿಸುವುದು ಪ್ರೋಗ್ರೆಸಿವ್ ರಾಕ್: ಇಪ್ಪತ್ತು ನಿಮಿಷದ ಹಾಡುಗಳು, ನಡುನಡುವೆ ಮುರಿದು ತಿರುಗುವ ಎಣಿಕೆಗಳು. ಹೊಸ ಹಾಡಿನ ಶುರುವಿಗೆ ಹಳ್ಳಿಯ ಚರ್ಮದ ಸದ್ದು ಬೇಕೆಂದು ಮೂರು ತಿಂಗಳ ಹಿಂದೆ ಹಟ್ಟಿಯಿಂದ ಆ ಡೊಳ್ಳನ್ನು ಇಸ್ಕೊಂಡು ಬಂದಿದ್ದ. ಒಂದು ಸಂಜೆ ಅಭ್ಯಾಸದ ಕೋಣೆಯಲ್ಲಿ ಅದನ್ನೇ ಬಾರಿಸುತ್ತ ಮುಂದಕ್ಕೆ ಬಾಗಿದವನು ಮತ್ತೆ ಏಳಲಿಲ್ಲ.

"ಸ್ಟುಡಿಯೋದಲ್ಲಿ ಇದೆ ಅಜ್ಜಿ, ತರಿಸ್ತೀನಿ" ಎಂದಳು ಮೇನಕಾ. ಅದು ಸುಳ್ಳು. ಯಾಕೆ ಹೇಳಿದಳೋ ಅವಳಿಗೂ ತಿಳಿಯಲಿಲ್ಲ.

"ಅಮಾಸೆ ಒಳಗೆ ತರ್ಬೇಕು. ಅಲ್ಲೀಗಂಟ ಯಾರೂ ಕೋಲಾಕ್ಬ್ಯಾಡಿ. ಕುರಿ ಇಂದೆ ಓಗಿ ಬೆಟ್ಟದಾಗೆ ಒಬ್ರೇ ಸತ್ತೋರು, ಎಣ ಸಿಗದೋರು, ಅಂಥೋರ್ನ ಕರೆಯಕ್ಕೆ ನಮ್ ಮಾವ ಮಾಟ ಕಟ್ಟಿ ಮಾಡಿದ್ದು ಅದು. ಬಲಮುಖಕ್ಕೆ ಕೋಲಾಕಿದ್ರೆ ಬತ್ತಾರೆ. ಎಡಮುಖಕ್ಕೆ ಅಂಗೈಯಿಂದ ಮೂರೇಟು ಆಕಿದ್ರೆ ಓಗ್ತಾರೆ. ಅಂಗೆ ಓದೋರು ಆಮೇಲೆ ಕನಸಿಗೂ ಬರಕ್ಕಿಲ್ಲ. ಕರೆದೋರೇ ಕಳಿಸ್ಬೇಕು. ಇಲ್ಲಾಂದ್ರೆ ಕರೆದೋರ್ನೂ ಕೂಡ್ಸ್ಕೊಂಡು ಓಗ್ತಾರೆ."

"ಅವರಿಗೆ ಹಾರ್ಟ್ ಅಟ್ಯಾಕ್ ಆಯ್ತು ಅಜ್ಜಿ. ಡಾಕ್ಟರ್ ಬರೆದು ಕೊಟ್ಟವ್ರೆ. ಮಾಟ ಅಂತ ಯಾವ ಕಾಗದದಲ್ಲೂ ಇಲ್ಲ."

"ನೀನು ಎಂ.ಎ. ಓದ್ದೋಳು. ಕಾಗದ ನಿಂಗೇ ಸರಿ. ನಂಗೆ ಇಷ್ಟು ಏಳು, ಎಡಮುಖ ಬಾರಿಸಿದ್ನಾ ಅವನು?"

ಮೇನಕಾ ನಕ್ಕುಬಿಟ್ಟಳು. ಹದಿನಾರು ದಿನದಲ್ಲಿ ಮೊದಲ ಸಲ. ಆ ನಗೆ ಅವಳ ಕಿವಿಗೇ ಬೇರೆ ಯಾರದೋ ಎನಿಸಿತು. "ಕರೆದ್ರೆ ಬರೋ ಹಂಗಿದ್ರೆ ಅಜ್ಜಿ, ನಾನು ಈಗ್ಲೇ ಬಾರಿಸ್ತಿದ್ದೆ."

ಮುದುಕಿ ನಗಲಿಲ್ಲ. "ಅದಕ್ಕೇ ನಾನು ಬಂದಿದ್ದು" ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದಳು.

ಡೊಳ್ಳು ಮಂಚದ ಕೆಳಗಿತ್ತು. ತೋಳಲ್ಲಿ ತಬ್ಬಿ ಎತ್ತಬಹುದಾದಷ್ಟು ಚಿಕ್ಕದು. ಮೇನಕಾ ಅದನ್ನು ಹೊರಗೆಳೆದು ಎಡಮುಖವನ್ನು ಬೆಳಕಿಗೆ ತಿರುಗಿಸಿದಳು. ಚರ್ಮದಲ್ಲಿ ಅಂಗೈಯಗಲದ ದುಂಡನೆ ತೂತು. ರಾಕ್ ಡ್ರಮ್ಮರ್‌ಗಳೆಲ್ಲ ದೊಡ್ಡ ಡ್ರಮ್ಮಿನ ಎದುರು ಮುಖದಲ್ಲಿ ಹೀಗೆ ಕೊರೆದು ಒಳಗೆ ಮೈಕು ಇಡುತ್ತಾರೆ. ಮುನಿರಾಜು ಡೊಳ್ಳಿಗೂ ಹಾಗೇ ಮಾಡಿದ್ದ, ಕ್ಷೌರದ ಬ್ಲೇಡಿನಿಂದ, ಇದೇ ನೆಲದ ಮೇಲೆ ಕೂತು, ಸಿಳ್ಳೆ ಹಾಕುತ್ತ. ಒಂದು ವಾರ ಕಳೆದ ಮೇಲೆ ಅಭ್ಯಾಸದ ನಡುವೆ ಹಿಂದೆ ತಿರುಗಿ ಕೇಳಿದ್ದನಂತೆ: "ಯಾರ್ಲಾ ಅದು, ನನ್ ಇಂದೆ ನಿಂತು ಎಣಿಸ್ತಿರೋದು?" ತಂಡದವರೆಲ್ಲ ನಕ್ಕಿದ್ದರು.

ಮಧ್ಯಾಹ್ನ ತಂಡದ ಗಿಟಾರಿನ ಸೆಂದಿಲ್ ಬಂದ. ಅವನಿಗೆ ಮುನಿರಾಜು ಅಣ್ಣ, ಮೇನಕಾ ಅಣ್ಣಿ, ಅಂದರೆ ಅತ್ತಿಗೆ. ಬಂದವನು ಮುನಿರಾಜುವಿನ ಚಪ್ಪಲಿಗಳನ್ನು ನೋಡಿ, ತನ್ನವನ್ನು ಅವುಗಳಿಂದ ದೂರ ಬಿಟ್ಟ.

"ಫೆಸ್ಟಿವಲ್ ಪೋಸ್ಟರ್ ಬಂತು ಅಣ್ಣಿ. ನಮ್ ಹೆಸರು ಪಾನಿಪೂರಿ ಸ್ಟಾಲ್‌ಗಿಂತ ಸಣ್ಣದಾಗಿ ಹಾಕವ್ರೆ."

"ಎಷ್ಟು ನಿಮಿಷ ಕೊಟ್ಟವ್ರೆ?"

"ನಲವತ್ತು. ಅಂದ್ರೆ ನಮಗೆ ಎರಡು ಹಾಡು, ಎರಡೇ ಪಾಟ್ಟು." ಅವಳು ಕೊಟ್ಟ ಕಾಫಿ ಲೋಟದ ಅಂಚನ್ನು ಅವನು ಉಜ್ಜಿದ. "ಡ್ರಮ್ಸ್ ಎಲ್ಲ ಲ್ಯಾಪ್‌ಟಾಪಲ್ಲಿ ಓಡ್ಸ್ತೀವಿ. ಅಣ್ಣನ ಸ್ಟೂಲು ಖಾಲಿ ಇರ್ಲಿ ಅಂತ. ಆದ್ರೆ ಶುರುವಿನ ಡೊಳ್ಳು ಆಗಲ್ಲ. ಆ ಹನ್ನೊಂದು ಏಟಿನ ಎಣಿಕೆ ಯಾರ ಕೈಗೂ ಕೂರ್ತಿಲ್ಲ. ಅಣ್ಣ ಅದನ್ನ ಕಲ್ತಿದ್ದು ನಿಮ್ ಬೆನ್ನ ಮೇಲೆ ತಟ್ಟಿ ತಟ್ಟಿ ಅಲ್ವಾ."

"ಗಂಡ ಸತ್ತು ತಿಂಗಳಾಗಿಲ್ಲ. ನಾನು ಸ್ಟೇಜ್ ಹತ್ತಿದ್ರೆ ಬೀದಿ ಏನನ್ನತ್ತೆ?"

"ನಮ್ ಪಾಟ್ಟು ಅರ್ಥ ಆಗೋಷ್ಟ್ರಲ್ಲಿ ಬೀದಿ ಬಯ್ಯೋದ್ ಮರೆತಿರತ್ತೆ ಅಣ್ಣಿ."

ಆಗಲ್ಲ ಎಂದು ಹೇಳಿ ಕಳಿಸಿದಳು.

ಅವನು ಹೋದ ಮೇಲೆ ಮನೆ ಇನ್ನಷ್ಟು ಖಾಲಿಯಾಯಿತು. ಡೊಳ್ಳು ಇನ್ನೂ ಕೋಣೆಯ ನಡುವೆಯೇ ಇತ್ತು. ಮೂಢನಂಬಿಕೆಗೆ ಒಂದು ಏಟು ಹಾಕಿ ಮುಗಿಸಿಬಿಡೋಣ ಎಂದುಕೊಂಡು ಮೇನಕಾ ಕೋಲು ತೆಗೆದು ಬಲಮುಖಕ್ಕೆ ಒಂದೇ ಒಂದು ಪೆಟ್ಟು ಕೊಟ್ಟಳು.

ಪಕ್ಕದ ಮಗ್ಗ ನಿಂತಿತು.

ನಡುಹಗಲಿನ ಸೆಕೆಯಲ್ಲಿ ತೊಯ್ದ ಉಣ್ಣೆಯ ವಾಸನೆ. ಹಸಿ ಹಿಕ್ಕೆಯ ವಾಸನೆ. ಆಮೇಲೆ, ಬೆನ್ನ ಹಿಂದೆ, ಮಂಚದ ಕಾಲಿನ ಮೇಲೆ ಬೆರಳು ಬಡಿಯುವ ಸದ್ದು. ಒಂದು, ಎರಡು, ಮೂರು. ಒಂಬತ್ತನೆಯದು ಕೂದಲೆಳೆಯಷ್ಟು ತಡವಾಗಿ ಬಿತ್ತು. ಮುನಿರಾಜುವಿಗೆ ಒಂಬತ್ತು ಯಾವಾಗಲೂ ತಡ. ಸೆಂದಿಲ್ ಅದಕ್ಕಾಗಿ ಅವನನ್ನು ರೇಗಿಸುತ್ತಿದ್ದ. ಹನ್ನೊಂದಕ್ಕೆ ಸದ್ದು ನಿಂತಿತು. ಮೇನಕಾ ತಿರುಗಿ ನೋಡಲಿಲ್ಲ. ನೋಡಿದರೆ ಇಲ್ಲವಾಗಿಬಿಡಬಹುದು ಎಂದು ಹಾಗೇ ಕೂತಿದ್ದಳು.

ಒಂದು ಏಟಿಗೆ ಇಷ್ಟು ಬಂದರೆ, ಪೂರ್ತಿ ಬಾರಿಸಿದರೆ?

ಅವಳು ಫೋನು ತೆಗೆದು ಸೆಂದಿಲ್‌ಗೆ ಬರೆದಳು: ಬರ್ತೀನಿ.

ಏರ್ಕಾಡು ಬೆಟ್ಟದ ಬುಡದ ಮೈದಾನದಲ್ಲಿ ಮೂರು ವೇದಿಕೆಗಳು, ಮೂವತ್ತು ಸಾವಿರ ಜನ. ಜನರೇಟರಿನ ಡೀಸೆಲ್ ಹೊಗೆ, ತುಳಿದ ಹುಲ್ಲು, ಎಣ್ಣೆಯಲ್ಲಿ ಬೇಯುವ ಚಿಕನ್ ಪಕೋಡ. ಸಂಜೆ ಐದೂವರೆಗೆ ಅವರ ಸರದಿ ಬಂತು. ವೇದಿಕೆಯ ಮೂರು ಕಡೆಗೂ ಕಪ್ಪು ಬಟ್ಟೆ ಇಳಿಬಿಟ್ಟಿದ್ದರು. ಹೊರಗೆ ಬಿಸಿಲಿದ್ದರೂ ಒಳಗೆ ಬಾವಿಯಂಥ ಕತ್ತಲೆ. ಹಿಂದೆ ಮುನಿರಾಜುವಿನ ಡ್ರಮ್ಸು, ಖಾಲಿ ಸ್ಟೂಲು. ಎಡಕ್ಕೆ ಕೀಬೋರ್ಡಿನ ಸತ್ಯಾ. ಸೊಂಟದೆತ್ತರದ ಸ್ಟ್ಯಾಂಡಿನ ಮೇಲೆ ಅಡ್ಡಲಾಗಿ ಡೊಳ್ಳು, ಅದರ ತೂತಿನೊಳಗೆ ಮೈಕು. ಮೇನಕಾಳ ಕಿವಿಗೆ ಸೆಂದಿಲ್ ಸಣ್ಣ ಇಯರ್‌ಫೋನು ಸಿಕ್ಕಿಸಿದ.

"ಎಣಿಕೆ ಇದರಲ್ಲೇ ಕೇಳತ್ತೆ ಅಣ್ಣಿ. ಭಯ ಆದ್ರೆ ನನ್ ಮುಖ ನೋಡಿ. ನಂಗೆ ಇನ್ನೂ ಜಾಸ್ತಿ ಆಗಿರತ್ತೆ."

ಅವಳು ಕೋಲೆತ್ತಿದಳು. ಬಲಮುಖಕ್ಕೆ ಹಾಕಿದಳು.

ಸದ್ದು ಮೈದಾನವನ್ನು ದಾಟಿ ಬೆಟ್ಟಕ್ಕೆ ಬಡಿದು ಹಿಂದಿರುಗಿತು. ಜನ ಕೂಗಿದರು. ಮೊದಲ ಹನ್ನೊಂದು. ಎರಡನೆಯ ಹನ್ನೊಂದು. ಗಿಟಾರು ಸೇರಿತು, ಕೀಬೋರ್ಡು ಸೇರಿತು. ನಾಲ್ಕನೆಯ ಸುತ್ತಿನಲ್ಲಿ ಇಯರ್‌ಫೋನಿನ ಟಕ್ ಟಕ್ ನಿಂತು, ಆ ಜಾಗದಲ್ಲಿ ಯಾರೋ ಬಾಯಿಂದ ಎಣಿಸತೊಡಗಿದರು. ಮುದಿ ದನಿ. ಕುರಿ ಎಣಿಸುವಂತೆ, ಒಂದೊಂದನ್ನೂ ಎಳೆದು. ಅದರ ಜೊತೆಗೆ ಇನ್ನೊಂದು ದನಿ. ಆಮೇಲೆ ಹತ್ತು. ಆಮೇಲೆ ಲೆಕ್ಕವಿಲ್ಲ.

ತೊಯ್ದ ಉಣ್ಣೆಯ ವಾಸನೆ ದಟ್ಟವಾಯಿತು. ಗಾಳಿಯಿಲ್ಲದೆ ಕಪ್ಪು ಬಟ್ಟೆ ಒಳಕ್ಕೆ ಉಬ್ಬಿತು. ಅದು ಬಟ್ಟೆಯಾಗಿ ಉಳಿದಿರಲಿಲ್ಲ. ಕಂಬಳಿಗಳು. ಒಂದಕ್ಕೊಂದು ಅಂಟಿ ನಿಂತ ಕಂಬಳಿಗಳು, ಅವುಗಳ ಮೇಲೆ ಬಾಗಿದ ತಲೆಗಳು.

ಸ್ಟೂಲು ಕಿರುಗುಟ್ಟಿತು.

ಮೇನಕಾ ತಿರುಗಿದಳು. ಅವನು ಕೂತಿದ್ದ. ಹೂಳುವಾಗ ತೊಡಿಸಿದ ಬಿಳಿ ಅಂಗಿ. ಹುಬ್ಬಿನಲ್ಲಿ ಮಣ್ಣು. ಅವನ ಕಾಲು ಪೆಡಲನ್ನು ಒತ್ತಿತು. ಒಂಬತ್ತು, ಕೂದಲೆಳೆಯಷ್ಟು ತಡವಾಗಿ. ಇಷ್ಟೇ ಸಾಕಿತ್ತು ಅವಳಿಗೆ. ತನ್ನನ್ನೂ ಕೂಡಿಸಿಕೊಂಡು ಹೋಗುವುದಾದರೆ ಹೋಗಲಿ. ಅವಳು ಕೋಲು ನಿಲ್ಲಿಸಲಿಲ್ಲ.

"ರೀ" ಎಂದಳು.

ಅವನ ಕಣ್ಣು ಅವಳ ಮೇಲೆ ಹಾದು ಹೋಯಿತು, ಖಾಲಿ ಗೋಡೆಯ ಮೇಲೆ ಹಾದು ಹೋಗುವಂತೆ. ಸೆಂದಿಲ್‌ನ ಕೈಗಳ ಮೇಲೆ ನಿಂತಿತು. ಅಲ್ಲಿಂದ ಸತ್ಯಾಳ ಕೈಗಳ ಮೇಲೆ. ಅವನು ಗದ್ದ ಎತ್ತಿದ. ಮುಂದಿನ ಭಾಗಕ್ಕೆ ತಂಡವನ್ನು ಕರೆಯುವ ಸನ್ನೆ ಅದು. ಬನ್ನಿ.

ಸತ್ಯಾಳ ತಲೆ ಎದೆಗೆ ಬಿತ್ತು. ಬೆರಳುಗಳು ಮಾತ್ರ ಓಡುತ್ತಿದ್ದವು. ಸೆಂದಿಲ್ ಬಾಯಿ ತೆರೆದಿದ್ದ. ಎದೆ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ತುಟಿ ಎಣಿಸುತ್ತಿತ್ತು. ತಂತಿ ಬೆರಳನ್ನು ಕೊಯ್ದು ಬಿಳಿಯ ಗಿಟಾರಿನ ಮೇಲೆ ರಕ್ತ ಇಳಿಯುತ್ತಿತ್ತು. ಅವನ ಕೈ ನಿಲ್ಲಲಿಲ್ಲ. ಕೆಳಗೆ ಜನ ಫೋನೆತ್ತಿ ಹಿಡಿದು ಕುಣಿಯುತ್ತಿದ್ದರು.

ಮೇನಕಾ ಕೋಲು ನಿಲ್ಲಿಸಿದಳು. ಎಣಿಕೆ ನಿಲ್ಲಲಿಲ್ಲ.

ಅವಳು ಡೊಳ್ಳಿನ ಎಡಬದಿಗೆ ಧಾವಿಸಿದಳು. ಮೈಕು ಕಿತ್ತೆಸೆದಳು. ಎಡಮುಖಕ್ಕೆ ಅಂಗೈಯಿಂದ ಹೊಡೆದಳು. ಸದ್ದಿಲ್ಲ. ತೂತಿನಿಂದ ತಣ್ಣನೆಯ ಗಾಳಿ ಬಂದು ಮುಖಕ್ಕೆ ಬಡಿಯಿತು, ಅಷ್ಟೇ. ಮತ್ತೆ ಹೊಡೆದಳು. ಗಾಳಿ. ಕಂಬಳಿಗಳು ಒಂದು ಹೆಜ್ಜೆ ಮುಂದೆ ಬಂದವು. ಯಾರದೋ ಬೆರಳು ಅವಳ ಕುತ್ತಿಗೆಯ ಹಿಂದೆ ಆಡಿತು. ಮಂಜಿನಷ್ಟು ತಣ್ಣಗೆ. ಎಡಮುಖಕ್ಕೆ ಚರ್ಮ ಬೇಕಿತ್ತು. ಚರ್ಮ ಎಲ್ಲಿದೆ?

ಅವಳು ಎಡಗೈಯನ್ನು ತೂತಿನ ಮೇಲೆ ಇಟ್ಟಳು. ಅಂಗೈ ಸರಿಯಾಗಿ ಕೂತಿತು. ಬಲಗೈಯ ಕೋಲೆತ್ತಿ ತನ್ನ ಕೈಯ ಮೇಲೆಯೇ ಹೊಡೆದಳು.

ಡೊಳ್ಳು ನುಡಿಯಿತು.

ಕಂಬಳಿಗಳು ಬೆನ್ನು ತಿರುಗಿಸಿದವು.

ಎರಡನೆಯ ಏಟು. ಮೂಳೆ ಮುರಿದ ಸದ್ದು ಅವಳಿಗೆ ಕೇಳಿಸಿತು. ವಾಸನೆ ಇಳಿಯಿತು. ಬಟ್ಟೆ ಮತ್ತೆ ಬಟ್ಟೆಯಾಗಿ ನೇರ ಇಳಿಬಿದ್ದಿತು. ಇಯರ್‌ಫೋನಿನಲ್ಲಿ ಒಂದೇ ಒಂದು ದನಿಯ ಎಣಿಕೆ ಉಳಿಯಿತು. ಸ್ಟೂಲಿನ ಮೇಲಿನವನು ಮಾತ್ರ ಹೋಗಿರಲಿಲ್ಲ.

ಇನ್ನೊಂದು ಏಟು. ಆಮೇಲೆ ಕನಸಿಗೂ ಇಲ್ಲ.

"ರೀ, ನಾನು. ಮೇನಕಾ."

ಅವಳು ಪೂರ್ತಿ ಒಂದು ಸುತ್ತು ಕಾದಳು. ಒಂದು. ಎರಡು. ಅವನು ನೋಡಲಿಲ್ಲ. ಐದು. ಆರು. ಸೆಂದಿಲ್ ಮಂಡಿಯೂರಿ ಬಿದ್ದ, ತುಟಿ ನೀಲಿಯಾಗಿತ್ತು. ಒಂಬತ್ತು, ತಡವಾಗಿ. ಮುನಿರಾಜು ಸೆಂದಿಲ್‌ನ ಕಡೆಗೆ ಮತ್ತೆ ಗದ್ದ ಎತ್ತಿದ.

ಅವಳು ಹೊಡೆದಳು.

ಮೂವತ್ತು ಸಾವಿರ ಜನ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಹಾಡು ಹಾಗೇ ಮುಗಿಯಬೇಕಿತ್ತು ಎಂದುಕೊಂಡಿರಬೇಕು. ಸೆಂದಿಲ್ ನೆಲದ ಮೇಲೆ ಕೆಮ್ಮುತ್ತ ಉಸಿರೆಳೆದ. ಸತ್ಯಾ ತಲೆಯೆತ್ತಿ, ಎಷ್ಟು ಹೊತ್ತಾಯಿತು ಎಂದು ತಮಿಳಿನಲ್ಲಿ ಕೇಳಿದಳು.

ಅಮಾವಾಸ್ಯೆಗೆ ಎರಡು ದಿನ ಮುಂಚೆ ಸೆಂದಿಲ್ ಅವಳನ್ನು ವ್ಯಾನಿನಲ್ಲಿ ಹಟ್ಟಿಗೆ ಕರೆದೊಯ್ದ. ದಾರಿಯುದ್ದಕ್ಕೂ ಹಾಡು ಹಾಕಲಿಲ್ಲ. ಮೇನಕಾಳ ಎಡಗೈಗೆ ಪ್ಲಾಸ್ಟರ್ ಕಟ್ಟು ಹಾಕಿದ್ದರು. ಎರಡು ಬೆರಳು ಇನ್ನು ಮಡಚುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ರಾತ್ರಿಗಳಲ್ಲಿ ಅವಳು ಕಲ್ಲಿನಂತೆ ಮಲಗಿ ಕಲ್ಲಿನಂತೆ ಏಳುತ್ತಿದ್ದಳು. ನಡುವೆ ಏನೂ ಇರುತ್ತಿರಲಿಲ್ಲ.

ಕುರಿಗಳು ಮೇಯಲು ಹೋಗಿದ್ದವು. ಹಟ್ಟಿ ನಿಶ್ಶಬ್ದವಾಗಿತ್ತು. ಸೆಂದಿಲ್ ಬೇಲಿಯ ಆಚೆಗೇ ನಿಂತ. ಮುನಿವೆಂಕಟಮ್ಮ ಡೊಳ್ಳಿನ ಎಡಮುಖದ ತೂತನ್ನು ನೋಡಿದಳು, ಆಮೇಲೆ ಮೇನಕಾಳ ಕೈಯನ್ನು.

"ಮೂರೂ ಆಕಿದ್ಯಾ?"

"ಹಾಕಿದೆ."

"ಓದ್ನಾ?"

"ಹೋದ್ರು."

ಮುದುಕಿ ಡೊಳ್ಳು ಇಡುವ, ಕತ್ತಲೆ ತುಂಬಿದ ಗುಡಿಯ ಬಾಗಿಲಲ್ಲಿ ಕಂಬಳಿ ಹಾಸಿ, ಅಂಚನ್ನು ಕೈಯಿಂದ ಸರಿಮಾಡುತ್ತ, ತಲೆಯೆತ್ತದೆ ಕೇಳಿದಳು. "ನಿನ್ ಗುರ್ತು ಇಡಿದ್ನಾ?"

ಮೇನಕಾ ಕಂಬಳಿಯ ಅಂಚು ನೋಡುತ್ತ ಹೇಳಿದಳು. "ಹಿಡಿದ್ರು. ಹೆಸರು ಹಿಡಿದು ಕರೆದ್ರು."

ಆ ಡೊಳ್ಳಿನಿಂದ ಎಷ್ಟೋ ಜನರನ್ನು ಕಳಿಸಿದವಳು ಮುನಿವೆಂಕಟಮ್ಮ. ತನ್ನ ಗಂಡನನ್ನೂ, ಅವನ ಖಾಲಿ ಕಣ್ಣು ನೋಡುತ್ತಲೇ, ಕಳಿಸಿದವಳು. ಅವಳು ಮೇನಕಾಳ ಮುಖ ನೋಡಲಿಲ್ಲ.

"ಒಳ್ಳೇದು ತಾಯಿ" ಎಂದಳು. "ನೀನೇ ಇಡು. ಇಸ್ಕೊಂಡೋನೇ ಇಡ್ಬೇಕು, ಅವನ ಮನೇರು ಅಂತ ನೀನೊಬ್ಳೇ ಇರೋದು."

ಮೇನಕಾ ಪ್ಲಾಸ್ಟರಿನ ಕೈಯನ್ನು ಕೆಳಗೆ ಕೊಟ್ಟು, ಬಲಗೈಯಲ್ಲಿ ತಬ್ಬಿ ಡೊಳ್ಳನ್ನು ಎತ್ತಿದಳು. ಒಂದು ಗಳಿಗೆ ಹಾಗೇ ಎದೆಗೊತ್ತಿಕೊಂಡು ನಿಂತಳು. ಆಮೇಲೆ ಬಾಗಿ, ಸದ್ದಾಗದಂತೆ, ಕಂಬಳಿಯ ಮೇಲೆ ಇಟ್ಟಳು.