ಕತ್ತರಿಸದ ಉಸಿರು

ನಮಿತಾ ಉಸಿರು ಕತ್ತರಿಸುತ್ತಿದ್ದಳು.

ತಮಿಳು ಸೀಮೆಯ ಅಡ್ಯಾರಿನ ಆ ಪುಟ್ಟ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಅದೇ ಅವಳ ಕೆಲಸ. ಸಾಲುಗಳ ನಡುವಿನ ಏದುಸಿರು, ಕೆಮ್ಮು... ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹುಡುಕಿ ಅಳಿಸಬೇಕು. ರ‍್ಯಾಪ್ ಹಾಡುವವರು ಒಂದೇ ಸಾಲನ್ನು ಎರಡು ಸಲ ಹೇಳಿ, ಒಂದರ ಮೇಲೊಂದು ಕೂರಿಸುತ್ತಾರೆ. ಆಗ ದನಿಗೆ ಗಂಡಸುತನ ಬರುತ್ತದಂತೆ!

"ಹೇಗಿದ್ದಿ, ನಮಿತಾ?"

ಮೌಸ್ ಹಿಡಿದ ಕೈ ನಿಂತುಬಿಟ್ಟಿತು. ಬಾಗಿಲಲ್ಲಿ ಸುಕೇಶ್! ಹತ್ತು ವರ್ಷದ ಮೇಲೆ... ಮೀಸೆಯಲ್ಲಿ ನರೆ, ಅದೇ ದೊಗಳೆ ಪ್ಯಾಂಟು.

"ನಲವತ್ತಾಯ್ತಲ್ಲ ಮಾರಾಯಾ, ಇನ್ನೂ ಈ ವೇಷ ಉಂಟಾ?" ಕಣ್ಣು ತುಂಬದಿರಲೆಂದೇ ಚುಚ್ಚಿದಳು.

"ನಮ್ಮ ಹೋಟೆಲಿನಲ್ಲಿ ಪಂಚೆ, ಇಲ್ಲಿಗೆ ಇದು. ಹೊರಗೆ ಕೂತ ಹುಡುಗ್ರು ಅಂಕಲ್ ಅಂದ್ರು! ಮದುವೆಯೇ ಆಗದವನು ಎಲ್ಲಿಯ ಅಂಕಲ್?"

ಅವಳು ನಗಲಿಲ್ಲ. ಅವಳ ಅಪ್ಪ ತೀರಿಕೊಂಡ ದಿನ ಇಡೀ ಬೀದಿ ಬಂದಿತ್ತು. ಮದುವೆಯಾಗುತ್ತೇನೆ ಎಂದಿದ್ದ ಇವನೊಬ್ಬ ಬರಲಿಲ್ಲ. ವೇದಿಕೆಯಲ್ಲಿ ಎದೆ ತಟ್ಟಿಕೊಂಡು ಕೂಗುವವನಿಗೆ ಎದೆಯೇ ಇಲ್ಲ ಎಂದುಕೊಂಡು ಅಂದೇ ದೂರವಾಗಿದ್ದಳು. ಆಮೇಲೆ ಬಂದ ಯಾವ ಸಂಬಂಧಕ್ಕೂ ಮನಸ್ಸು ಒಪ್ಪಲಿಲ್ಲ.

ಸುಕೇಶ್ ಗಾಜಿನಾಚೆ ಮೈಕಿನ ಮುಂದೆ ನಿಂತ. ತಮಿಳಿನಲ್ಲಿ ಅದೇ ಹಳೆಯ ಜಂಬದ ರ‍್ಯಾಪ್. ಕೊನೆಯ ಸಾಲುಗಳು ಮಾತ್ರ... ಕನ್ನಡ!

'ನಿನ್ನಪ್ಪ ಹೋದ ದಿನ ಗೇಟಿನ ತನಕ ಬಂದೆ,
ಅಳು ಬಂತು, ಗಂಡಸಲ್ವಾ ನಾನು... ತಿರುಗಿದೆ ಹಿಂದೆ...'

ದನಿ ಒಡೆಯಿತು. ದೊಡ್ಡದೊಂದು ಉಸಿರು ಮೈಕಿಗೆ ಬಿತ್ತು.

ಬಂದಿದ್ದನಾ? ಗೇಟಿನ ತನಕ?

ಅವನು ತಲೆ ತಗ್ಗಿಸಿ ಹೊರಗೆ ಬಂದ. "ಅದನ್ನು ಅಳಿಸು. ಇನ್ನೊಮ್ಮೆ ಗಟ್ಟಿಯಾಗಿ ಹೇಳ್ತೇನೆ, ಎರಡು ದನಿ ಕೂರಿಸು."

"ಸುಕೇಶ್... ನಿಜವಾ?"

"ಹೂಂ. ನಿಂಗೆ ಧೈರ್ಯ ಹೇಳ್ಬೇಕಾದವನು ನಾನೇ ಅತ್ತರೆ ಎಂತ ಮರ್ಯಾದೆ? ಕಳೆದ ವರ್ಷ ನನ್ನಪ್ಪ ಹೋದಾಗ್ಲೂ ಅಳ್ಲಿಲ್ಲ. ಮೊನ್ನೆ ಸಾಂಬಾರಿನ ಉಪ್ಪು ನೋಡುವಾಗ ಬಂತು ನೋಡು ಅಳು, ಇಡೀ ಅಡುಗೆಮನೆ ಎದುರು!"

"ಆಮೇಲೆ?"

"ಎಂತ ಆಗ್ಲಿಲ್ಲ. ಅಡುಗೆ ಭಟ್ರು ಒಂದು ಕಾಫಿ ಕೊಟ್ರು."

ನಮಿತಾ ನಕ್ಕಳು. ನಗುತ್ತಲೇ ಅತ್ತಳು. ಹತ್ತು ವರ್ಷ ಹೊತ್ತ ಭಾರ ಒಮ್ಮೆಲೇ ಇಳಿಯಿತು.

"ಪೆದ್ದ! ಧೈರ್ಯ ಹೇಳುವವರು ಬೀದಿ ತುಂಬ ಇದ್ರು. ನನ್ನೊಟ್ಟಿಗೆ ಅಳುವವರು ಬೇಕಿತ್ತು ನಂಗೆ."

ಅವನು ಕಣ್ಣೊರೆಸಿಕೊಂಡ. ಈ ಸಲ ಮುಖ ತಿರುಗಿಸಲಿಲ್ಲ.

"ಈಗ... ತಡವಾಯ್ತಾ, ನಮಿತಾ? ನನ್ನನ್ನು ಮದುವೆ ಆಗ್ತೀಯಾ?"

"ಮೊದಲು ಹಾಡು ಮುಗೀಲಿ."

"ಸರಿ. ಆ ಉಸಿರನ್ನು ಇಡ್ತೀಯೋ, ತೆಗೀತೀಯೋ, ನಿಂಗೇ ಬಿಟ್ಟೆ. ಕಾಫಿ ತರ್ತೇನೆ. ಸಕ್ಕರೆ ಕಮ್ಮಿ, ಅಲ್ವಾ?"

"ನೆನಪುಂಟಾ?"

"ಎಲ್ಲ ಉಂಟು."

ಅವನು ಹೋದ ಮೇಲೆ ಅವಳು ಪರದೆ ನೋಡಿದಳು. ಅವನ ಉಸಿರು ಪುಟ್ಟ ಗುಡ್ಡದಂತೆ ಕಾಣುತ್ತಿತ್ತು. ಅದನ್ನು ಮುಟ್ಟಲಿಲ್ಲ. ಎರಡನೆಯ ದನಿಯೂ ಬೇಡ. ಇನ್ನೊಂದು ಮಾತನ್ನೂ ಅವಳ ಮನಸ್ಸು ಆಗಲೇ ಗಟ್ಟಿ ಮಾಡಿಕೊಂಡಿತ್ತು... ಹೂಂ ಎನ್ನುವುದೆಂದು!

ಇವತ್ತಲ್ಲ. ಸ್ವಲ್ಪ ಕಾಯಲಿ!

"ಎಂತ ಒಬ್ಬಳೇ ನಗ್ತಿದ್ದಿ?" ಸುಕೇಶ್ ಎರಡು ಲೋಟ ಹಿಡಿದು ನಿಂತಿದ್ದ.

"ಎಂತ ಇಲ್ಲ. ಕಾಫಿ ಕೊಡು."