ಹನ್ನೊಂದು ದಿನಕ್ಕೆ ಮೂರು ಮಿಲಿಮೀಟರ್

ಯಾಸ್ನಾ ಮರೂಷಿಚ್ ಆ ಸೋಮವಾರ ನಮ್ಮ ಕಚೇರಿಗೆ ಬಂದಾಗ ಕೈಯಲ್ಲೊಂದು ನೋಟೀಸು ಇತ್ತು. ಪೋರ್ಟ್ ಮೆಲ್ಬರ್ನಿನ ಹಳೆಯ ಸಭಾಭವನವೊಂದರಲ್ಲಿ ಆಕೆ ಪಿಯಾನೊ ರಿಪೇರಿ ಮಾಡುತ್ತಿದ್ದಳು. ಕಟ್ಟಡ ಕುಸಿಯುತ್ತಿದೆ, ಶುಕ್ರವಾರದೊಳಗೆ ಖಾಲಿ ಮಾಡಬೇಕು ಎಂದಿತ್ತು ನೋಟೀಸು. ಕುಸಿಯುತ್ತಿದೆ ಎಂದು ವರದಿ ಕೊಟ್ಟವರು ಬೇರೆ ಯಾರೂ ಅಲ್ಲ, ನಾವೇ. ಮೆಟ್ರೊ ಸುರಂಗದ ಮೇಲಿನ ನೆಲ ಎಷ್ಟು ಇಳಿಯಿತು, ಎಷ್ಟು ಉಬ್ಬಿತು ಎಂದು ಉಪಗ್ರಹದ ರೇಡಾರಿನಿಂದ ಅಳೆಯುವುದೇ ನಮ್ಮ ಕಸುಬು.

"ಹನ್ನೊಂದು ದಿನಕ್ಕೊಂದ್ಸಲ ಮೂರು ಮಿಲಿಮೀಟರ್ ಇಳೀತಿದೆ ಅಂತೀರಿ. ನನ್ ನೆಲ ನೆಟ್ಟಗಿದೆ, ಗೋಡೇಲಿ ಒಂದು ಬಿರುಕಿಲ್ಲ. ಇಪ್ಪತ್ತೆರಡು ವರ್ಷದ ಅಂಗಡಿ, ಎಲ್ಲಿಗೆ ಹೊತ್ಕೊಂಡು ಹೋಗ್ಲಿ?" ಎಂದಳು. ಆಮೇಲೆ ದನಿ ತಗ್ಗಿಸಿ, "ಇನ್ನೊಂದು ವಿಷ್ಯ, ಯಾರಿಗೂ ಹೇಳಿಲ್ಲ. ಪಿಯಾನೊಗಳು ತಾವಾಗೇ ನುಡೀತಾವೆ," ಎಂದಳು.

ನನಗೆ ನಗು ಬಂತು. ಥೆಲ್ಮಾ ಬ್ರಾಡ್ರಿಬ್ ನನ್ನತ್ತ ಬಿಟ್ಟ ನೋಟಕ್ಕೆ ಬಾಯಿ ಮುಚ್ಚಿಕೊಂಡೆ. ರೇಡಾರ್ ಚಿತ್ರ ಓದುವವರಲ್ಲಿ ಅವರೇ ಹಿರಿಯರು. ಒಗಟು ಯಾವುದಿದ್ದರೂ ಕೊನೆಗೆ ಬರುವುದು ಅವರ ಮೇಜಿಗೆ. ಅವರ ಹಿಂದೆ ಚೀಲ ಹೊತ್ತು ತಿರುಗುವ ಕತ್ತೆ ನಾನು, ನೋಯೆಲ್ ಫರೂಜಾ.

ಯಾವ ಯಾವ ದಿನ ನುಡಿದವು ಎಂದು ಥೆಲ್ಮಾ ಕೇಳಿದರು. ಬೀದಿಯಲ್ಲಿ ಸದ್ದಿಲ್ಲದಾಗ ಶ್ರುತಿ ಮಾಡಲೆಂದು ಯಾಸ್ನಾ ಬೆಳಗಿನ ಆರಕ್ಕೇ ಅಂಗಡಿಗೆ ಬರುತ್ತಿದ್ದಳು. ಕೇಳಿಸಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಳು. ಆ ಗುರುತುಗಳೆಲ್ಲ ಹನ್ನೊಂದು ದಿನಕ್ಕೊಮ್ಮೆ ಬೆಳಗಿನ ಉಪಗ್ರಹ ಹಾಯುವ ದಿನಗಳೇ ಆಗಿದ್ದವು. ನನ್ನ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮುಂದಿನ ಸರದಿ ಮರುದಿನವೇ ಇತ್ತು. ಮಂಗಳವಾರ ಆರಕ್ಕೆ ಮೂವರೂ ಆ ಭವನದಲ್ಲಿ ಕೂತೆವು. ಮುಚ್ಚಳ ಬಿಚ್ಚಿದ ಒಂಬತ್ತು ಪಿಯಾನೊಗಳು ಸಾಲಾಗಿ ನಿಂತಿದ್ದವು. ಇದ್ದಕ್ಕಿದ್ದಂತೆ ಒಂದರ ಮಂದ್ರದ ತಂತಿ ಗುಂಯ್ಗುಟ್ಟಿತು. ಆಮೇಲೆ ಅದರ ಪಕ್ಕದ್ದು, ಆಮೇಲೆ ಆಚೆ ಮೂಲೆಯದು. ಯಾರೂ ಮುಟ್ಟಿರಲಿಲ್ಲ. ಯಾಸ್ನಾ ನನ್ನ ತೋಳು ಹಿಡಿದುಕೊಂಡಳು. ಸುಳ್ಳೇಕೆ, ನಾನೂ ಅವಳ ತೋಳು ಹಿಡಿದುಕೊಂಡೆ. ಥೆಲ್ಮಾ ಮಾತ್ರ ಪಿಯಾನೊಗಳ ಕಡೆ ತಿರುಗಲೇ ಇಲ್ಲ, ಸೂರನ್ನು ನೋಡುತ್ತಿದ್ದರು. ಸದ್ದು ನಿಂತಿತು. ನಾನು ಹಿಂದಿನ ಓಣಿಗೆ ಓಡಿದೆ. ಯಾರೂ ಇರಲಿಲ್ಲ, ಏಣಿಗೆ ಬೀಗ ಹಾಕಿಯೇ ಇತ್ತು.

ಬೀಗ ತೆಗೆಸಿ ಮೇಲೆ ಹತ್ತಿದೆವು. ತಗಡಿನ ಮಾಡಿನ ಮೇಲೆ ನಮ್ಮ 'ಬುಟ್ಟಿ' ಇತ್ತು. ಮೂರು ಲೋಹದ ಹಲಗೆ ಸೇರಿಸಿ ಮಾಡಿದ ಮೂಲೆ ಅದು, ರೇಡಾರಿನ ಕಿರಣವನ್ನು ಬಂದ ದಾರಿಗೇ ವಾಪಸು ಕಳಿಸುತ್ತದೆ. ಅದನ್ನು ನಿಲ್ಲಿಸಿದ ನಾಲ್ಕು ಬೋಲ್ಟುಗಳ ನಟ್ಟಿಗೂ ಕಪ್ಪು ಅಂಟು ಗ್ರೀಸು ಮೆತ್ತಿತ್ತು. ಥೆಲ್ಮಾ ಬೆರಳಿಗೆ ಹಚ್ಚಿ ಮೂಸಿ ನೋಡಿದರು.

ಏಣಿಯ ಕೀಲಿ ಇದ್ದದ್ದು ಮೂರು ಕಡೆ. ಒಂದು ಮಾಲೀಕ ಪ್ರೆವೆಟ್ಟನ ಹತ್ತಿರ. ಕಟ್ಟಡ ಕೆಡವಲು ನಗರಸಭೆ ಬಿಡುತ್ತಿಲ್ಲವೆಂದು ಅವನು ಹಲ್ಲು ಕಡಿಯುತ್ತಿದ್ದ. ಇನ್ನೊಂದು ನಮ್ಮ ಕಚೇರಿಯ ಕ್ಲೈವ್ ಡನ್‌ಸ್ಟಾಲನ ಹತ್ತಿರ. ಉಪಗ್ರಹ ಬರುವ ಹಿಂದಿನ ಸಂಜೆ ಬುಟ್ಟಿಯಲ್ಲಿ ಬಿದ್ದ ಎಲೆ, ನೀರು ತೆಗೆಯುವುದು ಅವನ ಕೆಲಸ. ಮೂರನೆಯದು ಸುರಂಗದವರ ಶೆಡ್ಡಿನಲ್ಲಿ. ಅಲ್ಲಿ ರಾತ್ರಿ ಪಾಳಿಯ ಮೇಲ್ವಿಚಾರಕ ತೆವಿಟಾ ಲೊಲೊಹಿಯಾ, ಯಾಸ್ನಾಳ ಗೆಳೆಯ, ಪ್ರತಿ ಭಾನುವಾರ ಚರ್ಚು ಮುಗಿಸಿ ಬಂದು ಅವಳ ಪಿಯಾನೊದಲ್ಲಿ ಟೋಂಗಾದ ಸ್ತೋತ್ರ ನುಡಿಸಿ ಚಹಾ ಕುಡಿದು ಹೋಗುವವನು.

ನಟ್ಟು ತಿರುಗಿಸಿದ ಕಳ್ಳ ಪ್ರೆವೆಟ್ಟನೇ, ಇದಕ್ಕೆ ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳಬೇಕು ಎಂದೆ. ಥೆಲ್ಮಾ ಸಂಜೆಯ ಉಪಗ್ರಹದ ಹಳೆಯ ಚಿತ್ರಗಳನ್ನು ಹುಡುಕಿ ತೆಗೆಯಲು ಹೇಳಿ, ಬುಧವಾರ ಬೆಳಿಗ್ಗೆ ಬೋರ್ ಕೊರೆಯುವವನನ್ನು ಕರೆಸಿದರು. ಯಾಕೆಂದು ಹೇಳಲಿಲ್ಲ, ಎಂದಿನಂತೆ.

ಗುರುವಾರ, ಕೀಲಿಯಿದ್ದ ಮೂವರ ಜೊತೆ ನಾವೆಲ್ಲ ಆ ಭವನದಲ್ಲೇ ಸೇರಿದೆವು.

"ಬೆಳಗಿನ ಉಪಗ್ರಹ ನೋಡೋದು ಬುಟ್ಟೀನ," ಎಂದು ಥೆಲ್ಮಾ ಶುರು ಮಾಡಿದರು. "ಸಂಜೇದು ಎದುರು ದಿಕ್ಕಿಂದ ನೋಡುತ್ತೆ, ಅದಕ್ಕೆ ಕಾಣೋದು ಬುಟ್ಟಿಯ ಬೆನ್ನು. ಹಾಗಾಗಿ ಅದು ಚಿಮಣಿ, ಗೋಡೆ ಅಂಚನ್ನ ಅಳೆಯುತ್ತೆ. ಕಟ್ಟಡ ಇಳಿದ್ರೆ ಎರಡಕ್ಕೂ ಗೊತ್ತಾಗ್ಬೇಕು. ಸಂಜೇದಕ್ಕೆ ಏನೂ ಇಳಿದಿಲ್ಲ. ಅಂದ್ರೆ ಇಳೀತಿರೋದು ಕಟ್ಟಡ ಅಲ್ಲ, ಯಾರೋ ನಟ್ಟು ತಿರುಗಿಸಿ ಸಲಕ್ಕೆ ಮೂರು ಮಿಲಿಮೀಟರ್ ಬುಟ್ಟೀನ ಇಳಿಸ್ತಿದ್ದಾರೆ. ಬುಟ್ಟಿ ಇರೋ ಕಡೆ ಅದು ಹೇಳಿದ್ದೇ ಕೊನೆ ಮಾತು ಅಂತ ನಮ್ಮಲ್ಲೊಂದು ಪದ್ಧತಿ. ತಪ್ಪು ನಮ್ದೂ ಇದೆ."

ತಂತಿಗಳ ಗುಟ್ಟನ್ನೂ ಬಿಡಿಸಿದರು. ರಿಪೇರಿಗೆಂದು ತಂತಿಯನ್ನು ಒತ್ತಿಹಿಡಿಯುವ ಬಟ್ಟೆ ತೆಗೆದಿದ್ದ ಪಿಯಾನೊಗಳು ಅವು. ಮೇಲೆ ತಗಡಿನ ಮಾಡಿನಲ್ಲಿ ಯಾರಾದರೂ ನಡೆದರೆ ಕೆಳಗೆ ತಂತಿ ಮಿಡಿಯುತ್ತದೆ. ಕ್ಲೈವ್ ಹತ್ತುವುದು ಸಂಜೆ. ಪ್ರೆವೆಟ್ಟನ ಕೈಗೆ ಆ ಗ್ರೀಸು ಸಿಗುವುದಿಲ್ಲ. ಸುರಂಗ ಕೊರೆಯುವ ಯಂತ್ರದ ಬಾಲದಲ್ಲಿ ನೀರು ನುಗ್ಗದಂತೆ ತುಂಬುವ ಗ್ರೀಸದು, ನಾಲ್ಕು ಸಲ ತೊಳೆದರೂ ಹೋಗುವುದಿಲ್ಲ. ರಾತ್ರಿ ಪಾಳಿ ಬಿಡುವುದು ಐದೂವರೆಗೆ.

ತೆವಿಟಾ ತನ್ನ ಕೈಗಳನ್ನು ತಾನೇ ಮುಂದಿಟ್ಟ. ಉಗುರಿನ ಸಂದುಗಳು ಕಪ್ಪಾಗಿದ್ದವು. ಯಾಸ್ನಾಳ ಮುಖ ನೋಡಲು ನನಗೆ ಆಗಲಿಲ್ಲ.

"ಮೊದಲನೇ ಸುರಂಗ ಇಲ್ಲಿ ದಾಟ್ವಾಗ ಬರಬೇಕಾದ್ದಕ್ಕಿಂತ ಮೂರು ಪಟ್ಟು ಮರಳು ಬಂತು," ಎಂದ. "ಬರೆದು ಕೊಟ್ಟೆ. ಉಪಗ್ರಹವೇ ನೆಲ ಸರಿಯಿದೆ ಅಂತಿದೆ, ನಿಂದೇನು ಅಂದ್ರು. ಶನಿವಾರ ಎರಡನೇ ಯಂತ್ರ ಇದರ ಕೆಳಗೇ ಹಾಯುತ್ತೆ. ನನ್ ಮಾತಿಗೆ ಬೆಲೆ ಇಲ್ಲ, ಉಪಗ್ರಹ ಹೇಳಿದ್ರೆ ಕೇಳ್ತಾರೆ ಅಂತ..."

ಬೋರಿನವನು ಆಗಷ್ಟೇ ತಂದುಕೊಟ್ಟ ಹಾಳೆಯನ್ನು ಥೆಲ್ಮಾ ಬಿಚ್ಚಿದರು. "ಸುರಂಗದವನು ತನ್ನ ಸುರಂಗದ ಮೇಲೇ ಯಾಕೆ ಕೆಟ್ಟ ಹೆಸರು ತರ್ತಾನೆ ಅನ್ನೋದೇ ನಂಗೆ ಬಗೆಹರೀಲಿಲ್ಲ. ಅದಕ್ಕೇ ನಿನ್ನೆ ಗೋಡೆ ಬುಡದಲ್ಲಿ ಕೊರೆಸಿದೆ. ಆರು ಮೀಟರಿಗೆ ಸಲಾಕೆ ತಾನಾಗೇ ಜಾರಿ ಎರಡು ಮೀಟರ್ ಕೆಳಗೆ ಹೋಯ್ತು. ಕೆಳಗೆ ಖಾಲಿ. ಮೇಲಿನ ಜೇಡಿಮಣ್ಣು ಹಿಡ್ಕೊಂಡಿದೆ ಅಷ್ಟೇ. ಮಣ್ಣೊಳಗಿನ ಪೊಳ್ಳು ಉಪಗ್ರಹಕ್ಕೆ ಕಾಣಲ್ಲ."

ನಾವೆಲ್ಲ ಆ ನೆಲದ ಮೇಲೇ ನಿಂತಿದ್ದೆವು. ಯಾರೂ ಕಾಲು ಎತ್ತಿಡಲಿಲ್ಲ.

ಆ ಸಂಜೆಯೇ ಯಂತ್ರ ನಿಂತಿತು, ಬೀದಿ ಖಾಲಿಯಾಯಿತು. ಪಿಯಾನೊಗಳನ್ನು ಹೊರಗೆ ಸಾಗಿಸಲು ಪ್ರೆವೆಟ್ಟನೂ ಹೆಗಲು ಕೊಟ್ಟ. ಬುಟ್ಟಿ ಮುಟ್ಟಿದ್ದಕ್ಕೆ ತೆವಿಟಾನ ಕೆಲಸ ಹೋಯಿತು. ಭಾನುವಾರ ಹತ್ತರ ಹೊತ್ತಿಗೆ, ಕಟ್ಟಿದ ಹಗ್ಗದಾಚೆ ನಿಂತು ನಾವು ನೋಡುತ್ತಿದ್ದಂತೆ, ಭವನದ ನಡುಭಾಗ ಮಾಡಿನ ಸಮೇತ ನಿಧಾನವಾಗಿ ಒಳಗೆ ಇಳಿದುಹೋಯಿತು.

ಧೂಳು ಅಡಗಿದ ಮೇಲೆ ಯಾಸ್ನಾ ತೆವಿಟಾನ ಕಡೆ ತಿರುಗಿದಳು. "ಸೂರು ಹತ್ತೋ ಬದಲು ಚಹಾ ಕುಡೀವಾಗ ನಂಗೊಂದ್ ಮಾತು ಹೇಳಿದ್ರೆ ಸಾಕಿತ್ತಲ್ಲೋ. ನಾನು ನಂಬ್ತಿದ್ದೆ."

ಆ ಭಾರೀ ಗಾತ್ರದ ಮನುಷ್ಯ ನಮ್ಮೆಲ್ಲರೆದುರು ಅತ್ತುಬಿಟ್ಟ.