ಚಿವುಟಿದ ಮೊಗ್ಗು

ಮೊಗ್ಗು ಚಿವುಟುವಾಗಲೇ ಡ್ರೈವರ್ ಸಿಕ್ಕಿಬಿದ್ದ.

"ಏನ್ ಮಾಡ್ತಿದ್ದೀರಿ?" ಹಿಂದಿನಿಂದ ತೋಟದ ಮೇಡಂ ಧ್ವನಿ.

"ಹುಳ ಇತ್ತು."

"ಎಲ್ಲಿ?"

"ಹೋಯ್ತು."

ಅವಳ ತುಟಿಯಂಚಿಗೆ ನಗು ಬಂದು, ಕೆಲಸದ ನೆನಪಾಗಿ ವಾಪಸ್ ಹೋಯಿತು. ಕೆನ್ನೆಯ ಮೇಲೆ ಒಂದು ಗೆರೆ ಮಣ್ಣು. ಒರೆಸಲು ಅವನ ಕೈ ತವಕಿಸಿತು. ಒರೆಸುವಂತಿರಲಿಲ್ಲ.

ಅವನ ಬಸ್ಸು ಉರುಳಿದಾಗ ಯಾರಿಗೂ ಏನೂ ಆಗಿರಲಿಲ್ಲ, ಅವನೊಬ್ಬನನ್ನು ಬಿಟ್ಟು. ಸ್ಟೀರಿಂಗ್ ಹಾಗಿರಲಿ, ನೀರಿನ ಲೋಟವೂ ಕೈಯಲ್ಲಿ ನಿಲ್ಲದಷ್ಟು ನಡುಕ. ಅಕ್ಕ ಇಲ್ಲಿಗೆ ತಂದು ಸೇರಿಸಿದಳು. ಈ ಆಸ್ಪತ್ರೆಯಲ್ಲಿ ಮಾತ್ರೆಯ ಜೊತೆ ತೋಟವೂ ಚಿಕಿತ್ಸೆ. ಪ್ರತಿ ರೋಗಿಗೂ ಒಂದು ಸೇವಂತಿಗೆ ಕುಂಡ. ಅದರಲ್ಲಿ ಹೂ ಅರಳಿದ ದಿನ ಮನೆಗೆ ಕಳಿಸುವುದು ವಾರ್ಡಿನ ರೂಢಿ.

ತೋಟದ ಕೆಲಸ ಹೇಳಿಕೊಡುವ ಮೇಡಂ ಪಕ್ಕ ಕೂತು ಮಣ್ಣು ಕಲಸುತ್ತಾ ಕಲಸುತ್ತಾ ಕೈ ನಡುಕ ನಿಂತಿತು. ಎದೆಯದು ಶುರುವಾಯಿತು. ಮನೆಗೆ ಹೋದರೆ ಅವಳನ್ನು ನೋಡಲು ಯಾವ ನೆಪ? ಹೇಳಿಬಿಡೋಣವೆಂದರೆ, ರೋಗಿಯ ಜೊತೆ ಸಲುಗೆ ಎಂದು ಅವಳ ಕೆಲಸಕ್ಕೇ ಕುತ್ತು. ಬಾಯಲ್ಲಿ ಬಿಸಿತುಪ್ಪ. ಹಾಗಾಗಿ ದಿನಾ ಬೆಳಿಗ್ಗೆ ಮೊಗ್ಗು ಚಿವುಟಿದ.

ಪಾಪ, ಬಸ್ಸು ಗೊತ್ತಿದ್ದವನಿಗೆ ಗಿಡ ಗೊತ್ತಿರಲಿಲ್ಲ. ಚಿವುಟಿದಷ್ಟೂ ಸೇವಂತಿಗೆ ಕವಲೊಡೆಯುತ್ತದೆ.

"ಡಾಕ್ಟರ್ ನೋಡಿದ್ರು," ಎಂದಳು ಮೇಡಂ. "ಇಡೀ ತೋಟದಲ್ಲಿ ಇಷ್ಟು ಹುಲುಸಾದ ಗಿಡ ಇನ್ನೊಂದಿಲ್ವಂತೆ. ಹೂವಿಗೆ ಕಾಯೋದು ಬೇಡ, ನಾಳೆನೇ ಕಳಿಸಿ ಅಂದ್ರು. ನಿಮ್ಮಕ್ಕಂಗೆ ಫೋನ್ ಹೋಗಿದೆ."

ಅವನು ಕುಂಡದ ಪಕ್ಕ ಕೂತ. ಬ್ರೇಕ್ ಎಂದುಕೊಂಡು ದಿನಾ ಆಕ್ಸಿಲರೇಟರ್ ತುಳಿದಿದ್ದ.

"ಹುಳ ಇರಲಿಲ್ಲ," ಎಂದ. "ನಿಮ್ಮನ್ನ ಬಿಟ್ಟು ಹೋಗೋಕೆ ಮನಸ್ಸಿರಲಿಲ್ಲ."

"ಗೊತ್ತು. ಡಾಕ್ಟರ್ ಕಣ್ಣಿಗೆ ಬೀಳೋ ಮುಂಚೆ ಆ ಮೊಗ್ಗೆಲ್ಲ ದಿನಾ ಗುಡಿಸ್ತಿದ್ದೋಳು ಯಾರು ಅಂದ್ಕೊಂಡ್ರಿ?"

"ಮತ್ತೆ, ಹೀಗಾಗತ್ತೆ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಚಿವುಟೋದು ನಿಲ್ಲಿಸ್ತಿದ್ರಿ. ಹೂ ಬಿಡ್ತಿತ್ತು. ಆವತ್ತೇ ಹೋಗ್ತಿದ್ರಿ." ಅವಳ ಕಣ್ಣು ತುಂಬಿತು. "ಈ ಗೇಟಿನೊಳಗೆ ನಾನೇನೂ ಹೇಳೋ ಹಾಗಿಲ್ಲ. ಹೊರಗೆ ಬಂದು ನಿಮ್ಮನ್ನ ಹುಡುಕೋ ಹಾಗೂ ಇಲ್ಲ. ಏನ್ ಮಾಡ್ಲಿ, ನೀವೇ ಹೇಳಿ."



ಮರುದಿನ ಗೇಟಿನ ಬಳಿ ಅಕ್ಕನ ಕಾರು ನಿಂತಿತು. ಮೇಡಂ ಕುಂಡ ತಂದುಕೊಟ್ಟಳು. "ಇದಕ್ಕೂ ಸೀಟು ಬೇಕಾ?" ಎಂದು ಅಕ್ಕ ಗೊಣಗಿದಳು.

ಅಭ್ಯಾಸಬಲದಿಂದ ಅವನ ಬೆರಳು ಒಂದು ಮೊಗ್ಗಿನತ್ತ ಹೋಯಿತು. ಮೇಡಂ ತಟ್ಟನೆ ಆ ಕೈ ಹಿಡಿದಳು. ಈಗ ನಡುಗುತ್ತಿದ್ದದ್ದು ಅವಳ ಕೈ.

"ಇದನ್ನ ಬಿಡಿ," ಎಂದಳು. "ಅರಳಲಿ."